ಅರಬ್ ಕುದುರೆಯ ಹಳೇ ವಂಶ ಉಳಿಸುವುದು ಹೇಗೆ? ಗಂಡು ಹುಡುಕುವ ಮೊದಲು ಓದಿ

“ನನ್ನ ಹೆಣ್ಣು ಕುದುರೆಯ ಕಾಗದದಲ್ಲಿ ಸಕ್ಲಾವಿ ಜದ್ರಾನ್ ಅಂತ ಬರೆದಿದೆ. ಹಳೇ ವಂಶ ಅಂತಾರೆ. ಇದನ್ನು ಉಳಿಸೋಕೆ ಯಾವ ಗಂಡು ಬಿಡಿಸಲಿ?”

ಪದ ಆಚೆ ಈಚೆ ಆದರೂ ನನಗೆ ಬರುವ ಪ್ರಶ್ನೆ ಇದೇ. ಕೊಲ್ಲಿ ದೇಶದಲ್ಲಿ ಲಾಯ ನೋಡಿಕೊಳ್ಳುವ ಕನ್ನಡಿಗರು ಕೇಳುತ್ತಾರೆ. ಅಮೆರಿಕದಲ್ಲಿ ಮನೆ ಹಿಂದೆ ಎರಡು ಕುದುರೆ ಸಾಕಿಕೊಂಡವರು ಕೇಳುತ್ತಾರೆ. ಊರಲ್ಲಿ ಪಶುವೈದ್ಯ ಓದುವ ಹುಡುಗರೂ ಕೇಳುತ್ತಾರೆ. ಎಲ್ಲರಿಗೂ ಬೇಕಾದದ್ದು ಒಂದು ಗಂಡಿನ ಹೆಸರು. ಆದರೆ ಗಂಡು ಆರಿಸುವುದು ಈ ಕೆಲಸದಲ್ಲಿ ಆರನೇ ಮೆಟ್ಟಿಲು. ಮೊದಲ ಐದನ್ನು ಹಾರಿದವರ ಲಾಯದಲ್ಲಿ ಚಂದದ ಕುದುರೆಗಳಿರುತ್ತವೆ, ವಂಶ ಇರುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾಗದ ಇಲ್ಲದ ಕುದುರೆಗೆ ಈ ಲೇಖನ ಉಪಯೋಗಕ್ಕೆ ಬರುವುದಿಲ್ಲ. ಮುಖ ಸ್ವಲ್ಪ ಒಳಗೆ ಬಾಗಿದ್ದು, ಓಡುವಾಗ ಬಾಲ ಎತ್ತಿದರೆ ಸಾಕು, ‘ಅರಬ್ಬಿ ಕುದುರೆ’ ಅಂತ ಮಾರಿಬಿಡುವವರಿದ್ದಾರೆ. ವಿಜಯನಗರದ ಕಾಲದಲ್ಲಿ ಭಟ್ಕಳ, ಹೊನ್ನಾವರದ ಬಂದರುಗಳಿಗೆ ಹಡಗಿನಲ್ಲಿ ಅರಬ್ ಕುದುರೆ ಬರುತ್ತಿದ್ದದ್ದು ನಿಜ. ಆದರೆ ಯಾವುದು ಯಾರ ಮರಿ ಎಂದು ತೋರಿಸುವ ಕಾಗದ ಇವತ್ತು ನಮ್ಮ ಕೈಯಲ್ಲಿಲ್ಲ. ಕುಣಿಗಲ್ ಸ್ಟಡ್ ಫಾರ್ಮ್ ಕಡೆ ಕೈ ತೋರಿಸುವವರಿಗೂ ಒಂದು ಮಾತು: ಅಲ್ಲಿನದು ರೇಸಿನ ಥರೋಬ್ರೆಡ್. ಆ ತಳಿಯ ಮೂಲ ಗಂಡುಗಳಲ್ಲಿ ಡಾರ್ಲಿ ಅರೇಬಿಯನ್ ಎಂಬ ಕುದುರೆ ಇದ್ದ ಮಾತ್ರಕ್ಕೆ ಥರೋಬ್ರೆಡ್ ಅರಬ್ ಆಗುವುದಿಲ್ಲ.

ಮೊದಲು ಕೆಲವು ಪದ

ಅಸೀಲ್: ಬೆರಕೆ ಇಲ್ಲದ್ದು. ನಾವು ದಿನಾ ಬಳಸುವ ‘ಅಸಲಿ’ ಇದೇ ಅರಬ್ಬಿ ಬೇರಿನ ಪದ.

ರಸನ್: ವಂಶದ ಹೆಸರು. ಮೂಲ ಅರ್ಥ ಕುದುರೆಯ ಮೂತಿಗೆ ಕಟ್ಟುವ ಹಗ್ಗ. ಕುಹೈಲಾನ್, ಸಕ್ಲಾವಿ, ಉಬಯ್ಯಾನ್, ಹಮ್ದಾನಿ, ಹದ್ಬಾನ್ ಇವೆಲ್ಲ ರಸನ್‌ಗಳು.

ಮರ್ಬತ್: ರಸನ್‌ನ ಒಳಗಿನ ಕವಲು. ಮೂಲ ಅರ್ಥ ಕುದುರೆ ಕಟ್ಟುವ ಜಾಗ. ‘ಸಕ್ಲಾವಿ ಜದ್ರಾನ್’ ಎಂದರೆ ಸಕ್ಲಾವಿ ರಸನ್, ಜದ್ರಾನ್ ಕವಲು. ಹಗ್ಗ ಒಂದು, ಗೂಟ ಒಂದು. ಮರುಭೂಮಿಯ ಬೆದುವಿನ್ ಜನ ವಂಶವನ್ನು ಇವೆರಡರಲ್ಲೇ ಹೇಳಿ ಮುಗಿಸಿದ್ದಾರೆ.

ಸ್ಟಡ್‌ಬುಕ್: ಒಂದು ದೇಶದಲ್ಲಿ ಹುಟ್ಟಿದ, ಹೊರಗಿನಿಂದ ಬಂದ ಶುದ್ಧ ತಳಿಯ ಕುದುರೆಗಳ ಅಧಿಕೃತ ದಾಖಲೆ ಪುಸ್ತಕ. ದೇಶದೇಶದ ಅರಬ್ ಸ್ಟಡ್‌ಬುಕ್‌ಗಳನ್ನು ನೋಡಿ ಒಪ್ಪುವ ಅಂತರರಾಷ್ಟ್ರೀಯ ಸಂಸ್ಥೆಗೆ ವಾಹೋ ಎಂದು ಹೆಸರು.

ಮೂಲ ಕುದುರೆ: ವಂಶಾವಳಿಯಲ್ಲಿ ಹಿಂದೆ ಹೋಗುತ್ತಾ ಹೋದರೆ ಕೊನೆಗೆ ಸಿಗುವ ಕುದುರೆ. ಅದರ ಅಪ್ಪ–ಅಮ್ಮನ ಹೆಸರು ದಾಖಲೆಯಲ್ಲಿ ಇರುವುದಿಲ್ಲ.

ತಾಯಿಬಳ್ಳಿ: ಅಮ್ಮ, ಅಮ್ಮನ ಅಮ್ಮ, ಅವಳ ಅಮ್ಮ, ಹೀಗೆ ಹೆಣ್ಣಿನಿಂದ ಹೆಣ್ಣಿಗೆ ಹೋಗುವ ಸಾಲು. ಇದು ನಾನು ಇಟ್ಟುಕೊಂಡ ಪದ, ಮುಂದೆಲ್ಲ ಇದನ್ನೇ ಬಳಸುತ್ತೇನೆ.

ಹಂತ 1: ಉಳಿಸುವುದು ಯಾವುದನ್ನು ಎಂದು ಒಂದೇ ವಾಕ್ಯದಲ್ಲಿ ಬರೆಯಿರಿ

‘ಹಳೇ ಅರಬ್ ವಂಶ’ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಜಗತ್ತಿನಲ್ಲಿ ಅರಬ್ ಕುದುರೆಯ ಬೇರೆ ಬೇರೆ ಗುಂಪುಗಳಿವೆ. ಒಂದೊಂದಕ್ಕೂ ಒಂದೊಂದು ಲೆಕ್ಕ.

ಸ್ಟ್ರೇಟ್ ಈಜಿಪ್ಷಿಯನ್ ಗುಂಪಿನ ಬೇರು ಹತ್ತೊಂಬತ್ತನೇ ಶತಮಾನದ ಈಜಿಪ್ಟಿನ ಅಬ್ಬಾಸ್ ಪಾಷಾ, ಅಲಿ ಪಾಷಾ ಶರೀಫ್ ಅವರ ಲಾಯಗಳಲ್ಲಿದೆ. ಈಗಿನ ಸರ್ಕಾರಿ ಲಾಯ ಕೈರೋದ ಎಲ್ ಜಹ್ರಾ. ಅಮೆರಿಕದಲ್ಲಿ 1969ರಲ್ಲಿ ಶುರುವಾದ ಪಿರಮಿಡ್ ಸೊಸೈಟಿ ಈ ಗುಂಪಿಗೆ ತನ್ನದೇ ವ್ಯಾಖ್ಯೆ ಕೊಟ್ಟಿದೆ. ಕ್ರ್ಯಾಬೆಟ್ ಗುಂಪು ವಿಲ್ಫ್ರಿಡ್ ಬ್ಲಂಟ್, ಲೇಡಿ ಆ್ಯನ್ ಬ್ಲಂಟ್ ದಂಪತಿ 1878ರಲ್ಲಿ ಇಂಗ್ಲೆಂಡಿನಲ್ಲಿ ಶುರು ಮಾಡಿದ್ದು. ಜರ್ಮನಿಯ ಮಾರ್ಬಾಖ್‌ನಲ್ಲಿ ಹಳೇ ವೈಲ್ ರಾಜಲಾಯದ ಕುದುರೆಗಳ ವಂಶ ಇದೆ. ವೈಲ್ ಕುದುರೆಗಳ ಸಾಲಿಗೆ 1816ರಲ್ಲಿ ಬಂದ ಮುರಾನಾ ಎಂಬ ಹೆಣ್ಣು ಕುದುರೆಯ ತಾಯಿಬಳ್ಳಿ ಇನ್ನೂ ನಡೆದಿದೆ. ಬಹರೇನ್ ರಾಜಮನೆತನದ ಲಾಯದ್ದು ಮತ್ತೊಂದು ಲೋಕ.

ನನಗೆ ಎಲ್ಲಕ್ಕಿಂತ ಪಾಠ ಕಲಿಸಿದ್ದು ಡ್ಯಾವನ್‌ಪೋರ್ಟ್ ಗುಂಪು. ಹೋಮರ್ ಡ್ಯಾವನ್‌ಪೋರ್ಟ್ ಅಮೆರಿಕದ ವ್ಯಂಗ್ಯಚಿತ್ರಕಾರ. 1906ರಲ್ಲಿ ತುರ್ಕಿ ಸುಲ್ತಾನ ಎರಡನೇ ಅಬ್ದುಲ್ ಹಮೀದನ ಅಪ್ಪಣೆ ಪಡೆದು ಅಲೆಪ್ಪೊ ಕಡೆಯ ಮರುಭೂಮಿಗೆ ಹೋದ. ಬೆದುವಿನ್ ಜನರಿಂದ 27 ಕುದುರೆ ಕೊಂಡು ತಂದ. 17 ಗಂಡು, 10 ಹೆಣ್ಣು. ಮುಂದಿನ ಐವತ್ತು ವರ್ಷದಲ್ಲಿ ಅವುಗಳ ರಕ್ತ ಅಮೆರಿಕದ ತುಂಬಾ ಹರಡಿತು, ಆದರೆ ಬೇರೆ ಅರಬ್‌ಗಳ ಜೊತೆ ಕಲೆತು. ಅಪ್ಪ–ಅಮ್ಮ ಎರಡೂ ಕಡೆ ಡ್ಯಾವನ್‌ಪೋರ್ಟ್ ಕುದುರೆಗಳೇ ಇರುವಂಥವು ಕೆಲವೇ ಉಳಿದವು. 1950ರ ದಶಕದಲ್ಲಿ ಇಲಿನಾಯ್‌ನ ಚಾರ್ಲ್ಸ್ ಕ್ರೇವರ್ ಆ ಉಳಿದವನ್ನು ಹುಡುಕಿ ತಂದು, ಅವುಗಳಲ್ಲೇ ಮರಿ ಮಾಡಿಸತೊಡಗಿದರು. ಇವತ್ತು ಆ ಗುಂಪು ಇದೆ ಅಂದರೆ ಅದಕ್ಕೆ ಕಾರಣ ಒಂದು ಸ್ಪಷ್ಟ ವಾಕ್ಯ: “ಎಲ್ಲ ಕಡೆಯಿಂದಲೂ 1906ರ ಕುದುರೆಗಳಿಗೇ ಮುಟ್ಟಬೇಕು.”

ನೀವೂ ಅಂಥ ವಾಕ್ಯ ಬರೆಯಿರಿ. ಬರೆದು ಲಾಯದ ಗೋಡೆಗೆ ಅಂಟಿಸಿ.

ಎಡವುವ ಜಾಗ: ಒಂದು ಗುಂಪಿನ ಪಟ್ಟಿಯಲ್ಲಿರುವ ಕುದುರೆ ಇನ್ನೊಂದರಲ್ಲೂ ಇರುತ್ತದೆ ಅಂದುಕೊಳ್ಳಬೇಡಿ. ಅಲ್ ಖಮ್ಸಾ ಸಂಸ್ಥೆ ಒಪ್ಪುವ ಮೂಲ ಕುದುರೆಗಳ ಪಟ್ಟಿ ಬೇರೆ, ಪಿರಮಿಡ್ ಸೊಸೈಟಿಯ ವ್ಯಾಖ್ಯೆ ಬೇರೆ. ಕೊಳ್ಳುವ ಮೊದಲೇ ಕೇಳಿ. ಕೊಂಡ ಮೇಲೆ ಕೇಳಿದರೆ ಬರೀ ಜಗಳ.

ಹಂತ 2: ಕಾಗದ ಮತ್ತು ಕುದುರೆ ಎರಡೂ ಒಂದೇನಾ ನೋಡಿ

ಬೇಕಾದವು ಇಷ್ಟು: ನೋಂದಣಿ ಪತ್ರ ಅಥವಾ ಪಾಸ್‌ಪೋರ್ಟ್, ನಿಮ್ಮ ಹೆಸರಿಗೆ ಆದ ಮಾಲೀಕತ್ವದ ವರ್ಗಾವಣೆ, ಮೈಕ್ರೋಚಿಪ್ ನಂಬರ್, ಅಪ್ಪ–ಅಮ್ಮ ಇವರೇ ಎಂದು ಹೇಳುವ ಡಿಎನ್‌ಎ ವರದಿ.

ಪಾಸ್‌ಪೋರ್ಟ್‌ನಲ್ಲಿ ಕುದುರೆಯ ಗೆರೆಚಿತ್ರ ಇರುತ್ತದೆ. ಎಡಮೈ, ಬಲಮೈ, ಮುಖ, ಕಾಲು. ಹಣೆಯ ಬಿಳಿ, ಕಾಲಿನ ಬಿಳಿ, ಸುಳಿ ಎಲ್ಲವನ್ನೂ ಅದರಲ್ಲಿ ಗುರುತು ಹಾಕಿರುತ್ತಾರೆ. ಹೌದು, ಸುಳಿಯೇ. ನಮ್ಮ ಕಡೆ ದನ, ಕುದುರೆ ಕೊಳ್ಳುವಾಗ ಶುಭ–ಅಶುಭಕ್ಕೆ ಸುಳಿ ನೋಡುತ್ತಾರೆ. ಸ್ಟಡ್‌ಬುಕ್‌ನವರು ನೋಡುವುದು ಬೇರೆ ಕಾರಣಕ್ಕೆ: ಸುಳಿಯ ಜಾಗ ಹುಟ್ಟಿನಿಂದ ಸಾವಿನವರೆಗೆ ಬದಲಾಗದು. ಚಿತ್ರ ಕೈಯಲ್ಲಿ ಹಿಡಿದು ಕುದುರೆ ಪಕ್ಕ ನಿಂತುಕೊಳ್ಳಿ. ಹಣೆಯ ಸುಳಿ ಕಣ್ಣಿನ ಮಟ್ಟಕ್ಕಿಂತ ಮೇಲಿದೆಯಾ, ಕೆಳಗಿದೆಯಾ? ಕುತ್ತಿಗೆಯ ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು? ಬಿಳಿ ಕುದುರೆಯಾದರೆ ಇದು ಇನ್ನೂ ಮುಖ್ಯ. ಅರಬ್‌ನಲ್ಲಿ ಬಿಳಿ ಕಾಣುವವು ಹೆಚ್ಚಾಗಿ ಹುಟ್ಟುವಾಗ ಕಂದೋ ಕಪ್ಪೋ ಇದ್ದು ವರ್ಷಗಳಲ್ಲಿ ಬಿಳಿಯಾದವು. ಹಣೆಯ ಬೊಟ್ಟು ಮೈಬಣ್ಣದಲ್ಲಿ ಕರಗಿ ಹೋಗಿರುತ್ತದೆ. ಸುಳಿ ಹೋಗಿರುವುದಿಲ್ಲ.

ಡಿಎನ್‌ಎ ಪರೀಕ್ಷೆಗೆ ಕೇಸರದ ಕೂದಲು ಸಾಕು. ಕತ್ತರಿಯಿಂದ ಕತ್ತರಿಸಬೇಡಿ. ಬೇರಿನ ಗಂಟಿನ ಸಮೇತ 20–30 ಎಳೆ ಕಿತ್ತು ಕಾಗದದ ಕವರಿಗೆ ಹಾಕಿ. ಡಿಎನ್‌ಎ ಇರುವುದು ಆ ಗಂಟಿನಲ್ಲೇ. ಕತ್ತರಿಸಿದ ಕೂದಲು ಕಳಿಸಿ ಒಂದು ತಿಂಗಳು ಕಾದವರು ಬಹಳ ಜನ.

ಹಂತ 3: ವಂಶಾವಳಿಯನ್ನು ಕೊನೆಯವರೆಗೆ ಬಿಡಿಸಿ

ಮಾರುವವರು ಕೊಡುವುದು ನಾಲ್ಕೈದು ತಲೆಮಾರಿನ ಪಟ್ಟಿ. ಐದನೇ ತಲೆಮಾರಿನಲ್ಲಿ 32 ಹೆಸರು. ಅಷ್ಟು ನೋಡಿ ‘ಶುದ್ಧ’ ಅನ್ನಲಾಗದು. ಹತ್ತನೇ ತಲೆಮಾರಿನಲ್ಲಿ 1,024 ಜಾಗಗಳು ಇರುತ್ತವೆ. ಅಲ್ಲಿ ನಿಮ್ಮ ವಾಕ್ಯಕ್ಕೆ ಹೊಂದದ ಕುದುರೆ ಒಂದು ಕಂಡರೂ ಅದು ನಿಮ್ಮ ಗುಂಪಿನದ್ದಲ್ಲ. ಪ್ರತಿ ಕೊಂಬೆಯನ್ನೂ ಮೂಲ ಕುದುರೆವರೆಗೆ ಒಯ್ಯಬೇಕು.

ಅಂತರ್ಜಾಲದಲ್ಲಿ ಯಾರು ಬೇಕಾದರೂ ತಿದ್ದಬಹುದಾದ ವಂಶಾವಳಿ ತಾಣಗಳಿವೆ. ದಾರಿ ಹುಡುಕಲು ಅವನ್ನು ಬಳಸಿ, ಸಾಕ್ಷಿಗೆ ಬಳಸಬೇಡಿ. ಸಾಕ್ಷಿ ಏನಿದ್ದರೂ ಸ್ಟಡ್‌ಬುಕ್.

ಹೆಸರಿನ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಅರಬ್ಬಿ ಹೆಸರನ್ನು ಇಂಗ್ಲಿಷ್, ಜರ್ಮನ್, ಪೋಲಿಷ್ ದಾಖಲೆಗಳು ಒಂದೊಂದು ರೀತಿ ಬರೆದಿವೆ. ಸಕ್ಲಾವಿ ಒಂದು ಕಡೆ ಸೆಗ್ಲಾವಿ, ಕುಹೈಲಾನ್ ಇನ್ನೊಂದು ಕಡೆ ಕೊಹೈಲಾನ್. ನಾನೇ ಒಮ್ಮೆ ಒಂದೇ ಹೆಣ್ಣು ಕುದುರೆಯನ್ನು ಎರಡು ಕಾಗುಣಿತದಲ್ಲಿ ಕಂಡು, ಎರಡು ಮೂಲ ಕುದುರೆ ಅಂತ ಎಣಿಸಿ, ಅದರ ಮೇಲೆ ಆರು ತಿಂಗಳ ಯೋಜನೆ ಹಾಕಿದ್ದೆ. ಹುಟ್ಟಿದ ವರ್ಷ ಹೋಲಿಸಿ ನೋಡಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಹಾಗಾಗಿ ಹೆಸರಿನ ಜೊತೆ ಹುಟ್ಟಿದ ವರ್ಷ, ಬಣ್ಣ, ಅಪ್ಪ–ಅಮ್ಮ, ನೋಂದಣಿ ಸಂಖ್ಯೆ ಇಷ್ಟನ್ನೂ ಬರೆದುಕೊಳ್ಳಿ.

ಇದರ ತಿರುವುಮುರುವೂ ಇದೆ. ಎರಡು ಬೇರೆ ವಿಷಯಕ್ಕೆ ಒಂದೇ ಹೆಸರು. ‘ಹದ್ಬಾನ್ ಎನ್ಜಾಹಿ’ ಒಂದು ರಸನ್–ಮರ್ಬತ್. ಅದೇ ಹೆಸರಿನ ಗಂಡು ಕುದುರೆಯೂ ಇತ್ತು. 1952ರಲ್ಲಿ ಈಜಿಪ್ಟಿನಲ್ಲಿ ಹುಟ್ಟಿ, 1955ರಲ್ಲಿ ಮಾರ್ಬಾಖ್‌ಗೆ ಬಂದು ಅಲ್ಲಿನ ತಳಿಯನ್ನೇ ಬದಲಿಸಿದ ಕುದುರೆ ಅದು. ‘ನಮ್ಮದು ಹದ್ಬಾನ್ ಎನ್ಜಾಹಿ ವಂಶ’ ಎಂದು ಯಾರಾದರೂ ಹೇಳಿದರೆ, ತಾಯಿ ಕಡೆಯ ರಸನ್ ಅಂತಲೋ, ಆ ಗಂಡಿನ ಮೊಮ್ಮಕ್ಕಳು ಅಂತಲೋ, ಕೇಳಿಕೊಳ್ಳಿ. ಎರಡಕ್ಕೂ ಅಜಗಜಾಂತರ.

ಹಂತ 4: ತಾಯಿಬಳ್ಳಿಯನ್ನು ಬೇರೆ ಹಾಳೆಯಲ್ಲಿ ಬರೆಯಿರಿ

ರಸನ್ ಹೋಗುವುದು ತಾಯಿಯಿಂದ. ತುಳುನಾಡಿನವರಿಗೆ ಇದನ್ನು ವಿವರಿಸಲೇ ಬೇಕಿಲ್ಲ. ಅಲ್ಲಿ ‘ಬರಿ’ ಹೇಗೆ ತಾಯಿಯಿಂದ ಮಕ್ಕಳಿಗೆ ಬರುತ್ತದೋ ಹಾಗೆಯೇ ಇದು. ಅಪ್ಪ ಕುಹೈಲಾನ್, ಅಮ್ಮ ಸಕ್ಲಾವಿ ಆದರೆ ಮರಿ ಸಕ್ಲಾವಿ. ಗಂಡು ಮರಿಗೂ ಅಮ್ಮನ ರಸನ್ ಇರುತ್ತದೆ. ಆದರೆ ಅವನು ಅದನ್ನು ಮುಂದಕ್ಕೆ ದಾಟಿಸಲಾರ.

ಇಲ್ಲಿಂದ ಬರುವ ಪರಿಣಾಮ ಕಠಿಣ. ಹತ್ತು ಗಂಡು ಮರಿ ಹಾಕಿದ ಹೆಣ್ಣು ಕುದುರೆಗೆ ಒಂದು ಹೆಣ್ಣು ಮರಿ ಇಲ್ಲದಿದ್ದರೆ ಅವಳ ಬಳ್ಳಿ ಅವಳೊಂದಿಗೇ ಮುಗಿಯಿತು. ಅವಳ ಮಗ ಪ್ರದರ್ಶನದಲ್ಲಿ ಚಿನ್ನ ಗೆದ್ದಿರಬಹುದು, ನೂರಾರು ಮರಿಗಳ ಅಪ್ಪನೂ ಆಗಿರಬಹುದು. ಆದರೂ ಬಳ್ಳಿ ಹೋಯಿತು. ಹೆಚ್ಚಿನ ಹಳೇ ವಂಶಗಳು ಹೋದದ್ದು ಹೀಗೇ. ಯಾರೂ ಕೊಲ್ಲಲಿಲ್ಲ, ಯಾರೂ ಗಮನಿಸಲಿಲ್ಲ ಅಷ್ಟೇ.

ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಎಡ ತುದಿಗೆ ಮೂಲ ಹೆಣ್ಣು ಕುದುರೆ. ಅಲ್ಲಿಂದ ಹೆಣ್ಣುಮಕ್ಕಳ ಗೆರೆ ಮಾತ್ರ ಎಳೆಯಿರಿ. ಬದುಕಿರುವ, ಮರಿ ಹಾಕುವ ವಯಸ್ಸಿನ ಹೆಣ್ಣುಗಳಿಗೆ ಹಸಿರು ಗುಂಡು. ಹದಿನೆಂಟು ದಾಟಿದವಕ್ಕೆ ಕೆಂಪು. ನಿಮ್ಮ ಲಾಯದ್ದು ಮಾತ್ರ ಸಾಲದು, ಗುಂಪಿನಲ್ಲಿ ಬೇರೆಯವರ ಹತ್ತಿರ ಇರುವವೂ ಬೇಕು. ಯಾವ ಗೆರೆಯ ತುದಿಯಲ್ಲಿ ಒಂದೇ ಒಂದು ಕೆಂಪು ಗುಂಡು ಇದೆಯೋ, ನಿಮ್ಮ ದುಡ್ಡು ಮೊದಲು ಹೋಗಬೇಕಾದದ್ದು ಅಲ್ಲಿಗೆ.

ಎಡವುವ ಜಾಗ: ರಸನ್ ಹೆಸರನ್ನೇ ನಂಬಿ ಎಣಿಸುವುದು. ಜೀವಕೋಶದೊಳಗಿನ ಮೈಟೊಕಾಂಡ್ರಿಯಾ ಎಂಬ ಭಾಗದಲ್ಲಿರುವ, ತಾಯಿಯಿಂದ ಮಾತ್ರ ಬರುವ ಡಿಎನ್‌ಎಯನ್ನು ಪರೀಕ್ಷಿಸಿದ ಸಂಶೋಧಕರಿಗೆ ಒಂದೇ ರಸನ್ ಹೆಸರಿನ ಕುದುರೆಗಳಲ್ಲಿ ಬೇರೆ ಬೇರೆ ತಾಯಿಬಳ್ಳಿಗಳು ಸಿಕ್ಕಿವೆ. ಹೆಸರು ಒಂದೇ ಆದರೂ ಅಜ್ಜಿ ಒಬ್ಬಳೇ ಆಗಿರಬೇಕಿಲ್ಲ. ಹಾಗಾಗಿ ಎಣಿಕೆ ಮೂಲ ಹೆಣ್ಣು ಕುದುರೆಯ ಹೆಸರಿನಲ್ಲೇ ಇರಲಿ. ‘ನನ್ನಲ್ಲಿ ಸಕ್ಲಾವಿ ಇದೆ, ಅಲ್ಲಿರುವ ಸಕ್ಲಾವಿ ಹೋದರೂ ಪರವಾಗಿಲ್ಲ’ ಅನ್ನುವ ಮಾತು ಅಪಾಯದ್ದು.

ಹಂತ 5: ರೋಗದ ಪರೀಕ್ಷೆ ಮತ್ತು ನಂಟಿನ ಲೆಕ್ಕ

ರೋಗ ಮೊದಲು. ಅರಬ್ ತಳಿಯಲ್ಲಿ ಈ ನಾಲ್ಕನ್ನು ಪರೀಕ್ಷೆ ಮಾಡಿಸಲೇಬೇಕು.

ಎಸ್‌ಸಿಐಡಿ: ಮರಿಗೆ ರೋಗ ತಡೆಯುವ ಶಕ್ತಿಯೇ ಇರುವುದಿಲ್ಲ. ಹುಟ್ಟಿದಾಗ ಚೆನ್ನಾಗಿ ಕಾಣುತ್ತದೆ. ತಾಯಿಹಾಲಿನಿಂದ ಬಂದ ರಕ್ಷಣೆ ಇಳಿದಂತೆ ಸೋಂಕು ಹಿಡಿದು ಕೆಲವೇ ತಿಂಗಳಲ್ಲಿ ಸಾಯುತ್ತದೆ. ಇದಕ್ಕೆ ಡಿಎನ್‌ಎ ಪರೀಕ್ಷೆ 1997ರಿಂದ ಇದೆ.

ಸಿಎ: ಹಿಮ್ಮೆದುಳಿನ ಜೀವಕೋಶ ಸಾಯುವ ರೋಗ. ತಲೆ ನಡುಗುತ್ತದೆ, ಹೆಜ್ಜೆ ತಪ್ಪುತ್ತದೆ. ಸಾಮಾನ್ಯವಾಗಿ ಹುಟ್ಟಿ ಕೆಲವು ವಾರಗಳಾದ ಮೇಲೆ ಕಾಣಿಸುತ್ತದೆ. ‘ಎಲ್ಲೋ ಬಿದ್ದು ಏಟು ಮಾಡಿಕೊಂಡಿದೆ’ ಅಂತ ಬಿಟ್ಟುಬಿಡುವುದು ಜಾಸ್ತಿ.

ಎಲ್‌ಎಫ್‌ಎಸ್: ಮರಿ ವಿಚಿತ್ರ ನಸುನೀಲಿ–ಬೂದು ಬಣ್ಣದಲ್ಲಿ ಹುಟ್ಟುತ್ತದೆ, ಎದ್ದು ನಿಲ್ಲಲಾಗುವುದಿಲ್ಲ, ಬದುಕುವುದಿಲ್ಲ. ಈಜಿಪ್ಟ್ ವಂಶಗಳಲ್ಲಿ ಹೆಚ್ಚು ಕಂಡಿದೆ.

ಒಎಎಎಂ: ತಲೆ–ಕುತ್ತಿಗೆ ಸೇರುವಲ್ಲಿ ಮೂಳೆಯ ದೋಷ.

ಮೊದಲ ಮೂರು ನಡೆಯುವ ರೀತಿ ಒಂದೇ. ಕೆಟ್ಟ ಜೀನ್‌ನ ಒಂದು ಪ್ರತಿ ಇರುವ ಕುದುರೆಗೆ ಏನೂ ಆಗುವುದಿಲ್ಲ. ಅದನ್ನು ಕ್ಯಾರಿಯರ್, ಅಂದರೆ ಹೊತ್ತುಕೊಂಡದ್ದು ಎನ್ನುತ್ತಾರೆ. ಎರಡು ಕ್ಯಾರಿಯರ್ ಸೇರಿದರೆ ಪ್ರತಿ ಮರಿಗೂ ನಾಲ್ಕರಲ್ಲಿ ಒಂದು ಪಾಲು ರೋಗದ ಸಂಭವ. ಕ್ಯಾರಿಯರ್ ಮತ್ತು ಶುದ್ಧ, ಅಂದರೆ ಕೆಟ್ಟ ಜೀನ್ ಇಲ್ಲದ್ದು, ಸೇರಿದರೆ ರೋಗ ಇಲ್ಲ, ಅರ್ಧದಷ್ಟು ಮರಿ ಕ್ಯಾರಿಯರ್ ಆಗಬಹುದು.

ಇಲ್ಲಿ ಭಯಕ್ಕೆ ಬಿದ್ದು ಮಾಡುವ ತಪ್ಪು ಒಂದಿದೆ. ವರದಿ ಬಂದ ದಿನವೇ ಕ್ಯಾರಿಯರ್ ಹೆಣ್ಣನ್ನು ತಳಿಯಿಂದ ಹೊರಗೆ ಹಾಕುತ್ತಾರೆ. ದೊಡ್ಡ ಗುಂಪಿನಲ್ಲಿ ಅದು ನಡೆಯುತ್ತದೆ. ನಿಮ್ಮ ಹಾಳೆಯಲ್ಲಿ ಅವಳೇ ಆ ಬಳ್ಳಿಯ ಕೊನೆ ಗುಂಡು ಆಗಿದ್ದರೆ? ಶುದ್ಧ ಎಂದು ವರದಿ ಬಂದ ಗಂಡಿಗೆ ಮಾತ್ರ ಬಿಡಿಸಿ, ಮರಿಗಳನ್ನು ಪರೀಕ್ಷಿಸಿ, ಶುದ್ಧ ಹೆಣ್ಣು ಮರಿಯನ್ನು ಮುಂದಕ್ಕೆ ಇಟ್ಟುಕೊಳ್ಳಿ. ಒಂದೇ ತಲೆಮಾರಿನಲ್ಲಿ ಕೆಟ್ಟ ಜೀನ್ ಹೋಯಿತು, ಬಳ್ಳಿ ಉಳಿಯಿತು. ವರದಿಯನ್ನು ಮಾತ್ರ ಮುಚ್ಚಿಡಬೇಡಿ. ಮರಿ ಕೊಳ್ಳುವವನ ಕೈಗೆ ಅದರ ಪ್ರತಿ ಹೋಗಲಿ.

ಇನ್ನು ನಂಟು. ಒಳಸಂಬಂಧದ ಅಂಕ ಎಂದರೆ ಅಪ್ಪ–ಅಮ್ಮ ಇಬ್ಬರ ಕಡೆಯಿಂದಲೂ ಒಂದೇ ಪೂರ್ವಜನ ಅದೇ ಜೀನ್ ಮರಿಗೆ ಬರುವ ಸಂಭವ. ನಮಗೆ ಗೊತ್ತಿರುವ ನಂಟಿನಲ್ಲೇ ಹೇಳುವುದಾದರೆ: ಸೋದರತ್ತೆ ಮಗಳನ್ನು ಮದುವೆಯಾದರೆ ಮಕ್ಕಳಿಗೆ ಶೇ 6.25. ಅಕ್ಕನ ಮಗಳನ್ನಾದರೆ ಶೇ 12.5. ಕುದುರೆಯಲ್ಲಿ ಒಂದೇ ಅಪ್ಪ, ಬೇರೆ ಬೇರೆ ಅಮ್ಮ ಇರುವ ಎರಡನ್ನು ಸೇರಿಸಿದರೂ ಶೇ 12.5. ಅಪ್ಪ–ಅಮ್ಮ ಎರಡೂ ಒಂದೇ ಆದರೆ ಶೇ 25. ಲೆಕ್ಕಕ್ಕೆ ಸಾಫ್ಟ್‌ವೇರ್ ಇದೆ. ಆದರೆ ಎಷ್ಟು ತಲೆಮಾರು ತುಂಬಿದ್ದೀರಿ ಅನ್ನುವುದರ ಮೇಲೆ ಉತ್ತರ ನಿಂತಿದೆ. ನಾಲ್ಕೇ ತಲೆಮಾರು ಕೊಟ್ಟರೆ ಸೊನ್ನೆ ತೋರಿಸಿ ಸಮಾಧಾನ ಮಾಡುತ್ತದೆ. ಬಾಗಿಲು ಮುಚ್ಚಿದ ಗುಂಪಿನಲ್ಲಿ ಎಲ್ಲವೂ ದೂರದ ನೆಂಟರೇ. ಸೊನ್ನೆ ಹುಡುಕಬೇಡಿ. ಗುಂಪಿನ ಸರಾಸರಿಗಿಂತ ಕಡಿಮೆ ಬರುವ ಜೋಡಿ ಹುಡುಕಿ.

2020ರಲ್ಲಿ ಪ್ರಕಟವಾದ ದೊಡ್ಡ ಜೀನ್ ಅಧ್ಯಯನವೊಂದು ಇಡೀ ಅರಬ್ ತಳಿ ಒಳಸಂಬಂಧದಲ್ಲಿ ಮುಳುಗಿದೆ ಎಂಬ ಮಾತು ನಿಜವಲ್ಲ ಎಂದು ತೋರಿಸಿತು. ಅದೇ ಅಧ್ಯಯನದಲ್ಲಿ ಸ್ಟ್ರೇಟ್ ಈಜಿಪ್ಷಿಯನ್‌ನಂಥ ಕೆಲವು ಗುಂಪುಗಳ ಒಳಸಂಬಂಧ ಮಾತ್ರ ತುಂಬಾ ಹೆಚ್ಚಿತ್ತು. ಆ ಗುಂಪು ನಿಮ್ಮದಾದರೆ ಈ ಹಂತಕ್ಕೆ ದುಪ್ಪಟ್ಟು ಸಮಯ ಕೊಡಿ.

ಹಂತ 6: ಈಗ ಗಂಡು ಆರಿಸಿ

ಹೆಸರುವಾಸಿ ಗಂಡಿನ ಹಿಂದೆ ಎಲ್ಲರೂ ಓಡುವುದೇ ಈ ಕೆಲಸದ ದೊಡ್ಡ ರೋಗ. ಈಜಿಪ್ಟಿನ ನಜೀರ್ ಕಥೆ ನೋಡಿ. 1934ರಲ್ಲಿ ಹುಟ್ಟಿದ ಗಂಡು. ಎಲ್ ಜಹ್ರಾ ಲಾಯವನ್ನು ಹಂಗೇರಿಯ ಜನರಲ್ ಪೆಟ್ಕೊ ಸಾಂಟ್ನರ್ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಅವನನ್ನು ಚೆನ್ನಾಗಿ ಬಳಸಿದರು. ಮರಿಗಳು ಅದ್ಭುತವಾಗಿ ಬಂದವು. ಒಬ್ಬ ಮಗ ಹದ್ಬಾನ್ ಎನ್ಜಾಹಿ ಜರ್ಮನಿಗೆ, ಇನ್ನೊಬ್ಬ ಅನ್ಸಾತಾ ಇಬ್ನ್ ಹಲೀಮಾ 1959ರಲ್ಲಿ ಅಮೆರಿಕಕ್ಕೆ, ಮೊರಾಫಿಕ್ ಕೂಡ ಅಮೆರಿಕಕ್ಕೆ. ಇವತ್ತು ಈಜಿಪ್ಷಿಯನ್ ಕುದುರೆಯ ವಂಶಾವಳಿ ಬಿಡಿಸಿದರೆ ನಜೀರ್ ಹೆಸರು ಮತ್ತೆ ಮತ್ತೆ ಸಿಗುತ್ತದೆ. ನಜೀರ್ ಒಳ್ಳೇ ಕುದುರೆ, ಅನುಮಾನವೇ ಇಲ್ಲ. ಆದರೆ ಅವನು ತುಂಬಿಕೊಂಡ ಜಾಗದಲ್ಲಿ ಬೇರೆ ಗಂಡುಗಳು ಇರಬಹುದಿತ್ತು.

ಇದಕ್ಕೊಂದು ಸರಳ ಲೆಕ್ಕ ಇದೆ. ಗಂಡಿನ ಸಂಖ್ಯೆ, ಹೆಣ್ಣಿನ ಸಂಖ್ಯೆ ಗುಣಿಸಿ, ನಾಲ್ಕರಿಂದ ಗುಣಿಸಿ, ಎರಡರ ಮೊತ್ತದಿಂದ ಭಾಗಿಸಿ. ಬರುವುದು ‘ಪರಿಣಾಮದ ಸಂಖ್ಯೆ’: ಜೀನ್ ವೈವಿಧ್ಯದ ಲೆಕ್ಕದಲ್ಲಿ ನಿಮ್ಮ ಗುಂಪು ನಿಜವಾಗಿ ಎಷ್ಟು ದೊಡ್ಡದು ಎಂಬುದು. 10 ಹೆಣ್ಣು, 1 ಗಂಡು ಇದ್ದರೆ 40 ಭಾಗಿಸು 11, ಅಂದರೆ 3.6. ಲಾಯದಲ್ಲಿ ಹನ್ನೊಂದು ಕುದುರೆ, ಲೆಕ್ಕಕ್ಕೆ ನಾಲ್ಕೂ ಇಲ್ಲ. ಹೆಣ್ಣು ಅಷ್ಟೇ ಇದ್ದು ಗಂಡು 3 ಮಾಡಿದರೆ 9.2. ಎರಡು ಗಂಡು ಹೆಚ್ಚಿಸಿದ್ದಕ್ಕೆ ಇಷ್ಟು ಲಾಭ. ಏಳು ಹೆಣ್ಣು ಹೆಚ್ಚಿಸಿದರೂ ಇದು ಸಿಗದು.

ನಾನು ಅನುಸರಿಸುವ ರೀತಿ ಹೀಗಿದೆ. ಒಂದು ಹೆಣ್ಣಿನ ಪ್ರತಿ ಮರಿಗೂ ಬೇರೆ ಗಂಡು. ಒಂದೇ ಮರಿ ಇದ್ದರೆ ತಾಯಿಯ ಜೀನ್‌ಗಳಲ್ಲಿ ಅರ್ಧ ಮುಂದಕ್ಕೆ ಹೋಗುತ್ತದೆ. ಎರಡು ಮರಿಯಲ್ಲಿ ಸರಾಸರಿ ಮುಕ್ಕಾಲು, ಮೂರರಲ್ಲಿ ಶೇ 87.5. ಹಾಗಾಗಿ ಪ್ರತಿ ಹೆಣ್ಣಿಗೆ ಮೂರು ಮರಿಯ ಗುರಿ. ಅಪರೂಪದ ಮೂಲ ಕುದುರೆಯ ರಕ್ತ ಇರುವ ಸಾಧಾರಣ ಗಂಡಿಗೂ ಎರಡು ಮೂರು ಹೆಣ್ಣು ಕೊಡುತ್ತೇನೆ.

ಸಾಧಾರಣ ಅಂದೆ, ಕೆಟ್ಟದ್ದು ಅನ್ನಲಿಲ್ಲ. ಕಾಲು ಸೊಟ್ಟ, ಗೊರಸು ಟೊಳ್ಳು, ಮನುಷ್ಯರನ್ನು ಕಚ್ಚುವ ಬುದ್ಧಿ ಇದ್ದರೆ ವಂಶ ಎಷ್ಟೇ ಹಳೆಯದಾಗಲಿ ಯೋಚಿಸಿ. ಬೆದುವಿನ್ ಜನ ಈ ಕುದುರೆಯನ್ನು ಡೇರೆಯ ಪಕ್ಕ ಕಟ್ಟಿಕೊಂಡು, ಅದರ ಮೇಲೆ ದಾಳಿಗೆ ಹೋಗಿ ಬದುಕಿದವರು. ಪ್ರದರ್ಶನದ ಗೀಳಿಗೆ ಮೂಗಿನ ಬಾಗು ಹೆಚ್ಚಿಸುತ್ತಾ ಹೋಗಿ, ನಾಲ್ಕು ಮೈಲಿ ಸವಾರಿ ಮಾಡಲಾಗದ ಕುದುರೆ ಮಾಡಿಟ್ಟು ‘ಪರಂಪರೆ’ ಅನ್ನುವುದು ನನಗಂತೂ ಒಪ್ಪಿಗೆ ಇಲ್ಲ. ವರ್ಷಕ್ಕೊಮ್ಮೆಯಾದರೂ ತಡಿ ಹಾಕಿ ದೂರ ಓಡಿಸಿ ನೋಡಿ.

ಬೇಡದ ಗಂಡು ಮರಿಗೆ ಸಕಾಲದಲ್ಲಿ ಬೀಜ ಒಡೆಸಿ, ಸವಾರಿಗೆ ಕೊಡಿ. ಅದರಲ್ಲಿ ನಾಚಿಕೆ ಏನಿಲ್ಲ.

ಹಂತ 7: ವರ್ಷಗಳನ್ನು ಎಣಿಸಿ

ಗಬ್ಬ ಸುಮಾರು ಹನ್ನೊಂದು ತಿಂಗಳು, 340 ದಿನದ ಆಸುಪಾಸು. ಬೆದೆ ಸುಮಾರು 21 ದಿನಕ್ಕೊಮ್ಮೆ, ಅದೂ ಹಗಲು ಉದ್ದ ಇರುವ ಋತುವಿನಲ್ಲಿ. ಹೆಚ್ಚೆಂದರೆ ವರ್ಷಕ್ಕೊಂದು ಮರಿ. ಅದರಲ್ಲಿ ಅರ್ಧ ಗಂಡು.

ಮೂರು ಮರಿಯಲ್ಲಿ ಒಂದೂ ಹೆಣ್ಣಾಗದಿರುವ ಸಂಭವ ಎಂಟರಲ್ಲಿ ಒಂದು. ಐದು ಮರಿಯಲ್ಲಿ 32ರಲ್ಲಿ ಒಂದು. ಈ ಲೆಕ್ಕ ಗೊತ್ತಿದ್ದರೆ ‘ಇನ್ನೂ ಹದಿನಾರು ವರ್ಷ, ಮುಂದಿನ ವರ್ಷ ನೋಡೋಣ’ ಅಂತ ಯಾರೂ ಸುಮ್ನೆ ಕೂರುವುದಿಲ್ಲ. ವಯಸ್ಸಾದಂತೆ ಗಬ್ಬ ಕಟ್ಟುವುದು ಕಡಿಮೆ. ಕೆಂಪು ಗುಂಡಿನ ಹೆಣ್ಣಿಗೆ ಋತು ಶುರುವಾಗುವ ಮೊದಲೇ ವೈದ್ಯರಿಂದ ಗರ್ಭಕೋಶದ ಸ್ಕ್ಯಾನ್, ಸೋಂಕಿನ ಪರೀಕ್ಷೆ ಮಾಡಿಸಿಡಿ.

ಮರಿ ಹುಟ್ಟಿದ ರಾತ್ರಿಗೆ ಒಂದು–ಎರಡು–ಮೂರು ನೆನಪಿಟ್ಟುಕೊಳ್ಳಿ. ಒಂದು ಗಂಟೆಯೊಳಗೆ ಮರಿ ನಿಲ್ಲಬೇಕು, ಎರಡರೊಳಗೆ ಹಾಲು ಕುಡಿಯಬೇಕು, ಮೂರರೊಳಗೆ ತಾಯಿಯ ಮಾಸು ಬೀಳಬೇಕು. ಯಾವುದು ತಪ್ಪಿದರೂ ಬೆಳಗಾಗಲಿ ಅಂತ ಕಾಯದೆ ಡಾಕ್ಟರಿಗೆ ಫೋನ್ ಮಾಡಿ.

ಹಂತ 8: ವೀರ್ಯ, ಭ್ರೂಣ ಕಾಪಿಟ್ಟುಕೊಳ್ಳುವುದು

ವೀರ್ಯವನ್ನು ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ದಶಕಗಟ್ಟಲೆ ಇಡಬಹುದು. ಗಂಡು ಚಿಕ್ಕ ವಯಸ್ಸಿನಲ್ಲಿ, ಆರೋಗ್ಯವಾಗಿ ಇರುವಾಗಲೇ ತೆಗೆಸಿ. ಎಲ್ಲ ಗಂಡಿನ ವೀರ್ಯವೂ ಶೀತಕ್ಕೆ ತಡೆಯುವುದಿಲ್ಲ. ಕರಗಿಸಿ ನೋಡಿದ ವರದಿ ಕೇಳಿ ಪಡೆಯಿರಿ. ವಯಸ್ಸಾದ ಹೆಣ್ಣಿನ ಭ್ರೂಣವನ್ನು ಬೇರೆ ಕುದುರೆಯ ಗರ್ಭಕ್ಕೆ ಹಾಕಿ ಮರಿ ಪಡೆಯುವ ದಾರಿಯೂ ಇದೆ. ದುಬಾರಿ, ಆದರೆ ಬಳ್ಳಿಯ ಕೊನೆ ಹೆಣ್ಣಿಗೆ ಇದು ತಕ್ಕದ್ದು.

ನಿಮ್ಮ ದೇಶದ ನೋಂದಣಿ ಸಂಸ್ಥೆ ಹೀಗೆ ಹುಟ್ಟಿದ ಮರಿಯನ್ನು ಯಾವ ಷರತ್ತಿನ ಮೇಲೆ ಒಪ್ಪುತ್ತದೆ ಎಂದು ಬರಹದಲ್ಲಿ ತರಿಸಿಕೊಂಡೇ ಮುಂದುವರಿಯಿರಿ. ನಿಯಮ ದೇಶದಿಂದ ದೇಶಕ್ಕೆ ಬೇರೆ. ವೀರ್ಯ ಗಡಿ ದಾಟಿಸುವುದಕ್ಕೂ ಆರೋಗ್ಯ ಪತ್ರ, ಪರವಾನಗಿ ಬೇಕು. ಡಬ್ಬ ವಿಮಾನ ನಿಲ್ದಾಣಕ್ಕೆ ಬಂದ ಮೇಲೆ ಅರ್ಜಿ ಹಾಕಿದರೆ ಸಾರಜನಕ ಆರಿಹೋಗುವ ತನಕ ಕಾಯಬೇಕಾದೀತು.

ಹಂತ 9: ಒಂದೇ ಲಾಯದಲ್ಲಿ ಇಡಬೇಡಿ

ಅಲಿ ಪಾಷಾ ಶರೀಫ್ ಅವರ ಲಾಯ ಅವರ ಕಾಲಕ್ಕೆ ಜಗತ್ತಿನಲ್ಲೇ ಹೆಸರಾಗಿತ್ತು. ಕುದುರೆ ಜಾಡ್ಯ ಬಂದು ಬಹಳಷ್ಟು ಸತ್ತವು. ಆಮೇಲೆ ಸಾಲ. ಉಳಿದವು 1897ರಲ್ಲಿ ಹರಾಜಾದವು. ಅದರಲ್ಲಿ ಕೆಲವನ್ನು ಲೇಡಿ ಆ್ಯನ್ ಬ್ಲಂಟ್ ಕೊಂಡದ್ದರಿಂದ ಆ ರಕ್ತ ಇವತ್ತಿಗೂ ಇದೆ. ಲೇಡಿ ಆ್ಯನ್ 1917ರಲ್ಲಿ ತೀರಿಕೊಂಡರು. ಕ್ರ್ಯಾಬೆಟ್ ಕುದುರೆಗಳು ಯಾರಿಗೆ ಸೇರಬೇಕೆಂದು ಅವರ ಗಂಡ ವಿಲ್ಫ್ರಿಡ್ ಮತ್ತು ಮಗಳ ನಡುವೆ ಕೋರ್ಟು ಕಚೇರಿ ಆಯಿತು. ಜಾಡ್ಯ, ಸಾಲ, ಆಸ್ತಿ ಜಗಳ. ನಿಮ್ಮ ಲಾಯಕ್ಕೂ ಇವೇ ಬರುವುದು.

ಪ್ರತಿ ತಾಯಿಬಳ್ಳಿಯ ಹೆಣ್ಣು ಕನಿಷ್ಠ ಮೂರು ಬೇರೆ ಮಾಲೀಕರ ಹತ್ತಿರ, ಬೇರೆ ಊರುಗಳಲ್ಲಿ ಇರಲಿ. ಕೊಳ್ಳಲು ದುಡ್ಡಿಲ್ಲದವರಿಗೆ ತಳಿ ಗುತ್ತಿಗೆ ಮೇಲೆ ಕೊಡಿ. ಅಂದರೆ ಕುದುರೆ ನಿಮ್ಮದೇ, ಒಂದೆರಡು ಮರಿ ಆಗುವವರೆಗೆ ಸಾಕುವುದು ಅವರು. ಮೇವು, ವೈದ್ಯರ ಖರ್ಚು ಯಾರದು, ಮೊದಲ ಹೆಣ್ಣು ಮರಿ ಯಾರಿಗೆ, ಮರಿಯ ನೋಂದಣಿ ಯಾರ ಹೆಸರಿಗೆ, ಕುದುರೆ ಸತ್ತರೆ ಏನು ಎಂಬುದನ್ನೆಲ್ಲ ಬರೆದು ಸಹಿ ಹಾಕಿಸಿ. ಗೆಳೆಯರಾದರೆ ಇನ್ನೂ ಗಟ್ಟಿಯಾಗಿ ಬರೆಸಿ.

ಉಯಿಲಿನಲ್ಲಿ ‘ಕುದುರೆಗಳು ಮಕ್ಕಳಿಗೆ’ ಎಂದು ಬರೆದರೆ ಸಾಲದು. ಮಕ್ಕಳಿಗೆ ಆಸಕ್ತಿ ಇಲ್ಲದಿದ್ದರೆ ಯಾರಿಗೆ ಫೋನ್ ಮಾಡಬೇಕು, ಯಾವ ಕುದುರೆ ಯಾರ ಲಾಯಕ್ಕೆ ಹೋಗಬೇಕು ಎಂದು ಹೆಸರು ಹಾಕಿ ಬರೆಯಿರಿ. ಹಂತ 4ರ ಹಾಳೆಯ ಒಂದು ಪ್ರತಿಯನ್ನೂ ಅದರ ಜೊತೆ ಇಡಿ.

ಹಾಗೆಯೇ ಪ್ರತಿ ಕುದುರೆಯ ಕೇಸರದ ಕೂದಲಿನ ಒಂದು ಕವರ್ ಮನೆಯಲ್ಲಿರಲಿ. ಕಾಗದದ ಕವರ್ ಆಗಬೇಕು. ಪ್ಲಾಸ್ಟಿಕ್‌ನಲ್ಲಿ ತೇವ ನಿಂತು ಬೂಸ್ಟು ಹಿಡಿಯುತ್ತದೆ. ಮೇಲೆ ಹೆಸರು, ಚಿಪ್ ನಂಬರ್, ಕಿತ್ತ ತಾರೀಕು. ಕುದುರೆ ಸತ್ತ ದಿನ ಅದನ್ನು ಕಿತ್ತುಕೊಳ್ಳಲು ಮನಸ್ಸು ಬರುವುದಿಲ್ಲ. ಬದುಕಿದ್ದಾಗಲೇ, ಬಾಚಣಿಗೆ ಹಾಕುವ ಯಾವುದಾದರೂ ಬೆಳಿಗ್ಗೆ, ತೆಗೆದಿಟ್ಟುಬಿಡಿ.